ಸ್ಥಳೀಯ ನಿರ್ಮಿತ ಟಿಪ್ಪರ್ ಟ್ರೈಲರ್‌ಗಳಲ್ಲಿ ಹೈಡ್ರಾಲಿಕ್ ಲಿಫ್ಟ್‌ನ ದೌರ್ಬಲ್ಯ

ಟಿಪ್ಪರ್ ಟ್ರೈಲರ್ ಎಂದರೆ ತುಂಬಿದ ಸರಕನ್ನು ತೊಟ್ಟಿಯ ಮುಂಭಾಗವನ್ನು ಮೇಲಕ್ಕೆತ್ತಿ ಹಿಂದಕ್ಕೆ ಸುರಿಯುವ ಗಾಡಿ. ತೊಟ್ಟಿಯನ್ನು ಎತ್ತುವ ಕೆಲಸವನ್ನು ತೈಲದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಸಿಲಿಂಡರ್ ಮಾಡುತ್ತದೆ. ಗ್ರಾಮೀಣ ಕರ್ನಾಟಕದಲ್ಲಿ ಇದನ್ನು ಸಾಮಾನ್ಯವಾಗಿ 'ಜಾಕ್' ಎನ್ನುತ್ತಾರೆ. ತೊಟ್ಟಿ ಏಳದಿರುವುದು, ಅರ್ಧಕ್ಕೆ ನಿಲ್ಲುವುದು, ಅತಿ ನಿಧಾನವಾಗಿ ಏಳುವುದು ಅಥವಾ ಎತ್ತಿದ ಮೇಲೆ ತಾನಾಗಿ ಇಳಿಯುವುದು, ಇವೆಲ್ಲವನ್ನೂ ಆಡುಮಾತಿನಲ್ಲಿ 'ಜಾಕ್ ವೀಕ್ ಆಗಿದೆ' ಎಂಬ ಒಂದೇ ಮಾತಿನಿಂದ ಸೂಚಿಸುವುದುಂಟು. ತಾಂತ್ರಿಕವಾಗಿ ಇವು ಬೇರೆ ಬೇರೆ ದೋಷಗಳು. ಒಂದರ ಪರಿಹಾರ ಇನ್ನೊಂದಕ್ಕೆ ಸಲ್ಲದು. ಕಾರ್ಖಾನೆಯಲ್ಲಿ ತಯಾರಾದ ಟಿಪ್ಪರ್‌ಗಳಲ್ಲಿ ದೌರ್ಬಲ್ಯಕ್ಕೆ ಸವಕಳಿಯೇ ಮುಖ್ಯ ಕಾರಣವಾದರೆ, ಊರಿನ ವೆಲ್ಡಿಂಗ್ ಶೆಡ್‌ಗಳಲ್ಲಿ ನಿರ್ಮಿಸಿದ ಅಥವಾ ಸಾಧಾರಣ ಟ್ರೈಲರ್‌ನಿಂದ ಮಾರ್ಪಡಿಸಿದ ಟಿಪ್ಪರ್‌ಗಳಲ್ಲಿ ಸಿಲಿಂಡರನ್ನು ಕೂರಿಸಿದ ಕೋನವೇ ಎಷ್ಟೋ ಸಲ ಮೂಲ ದೋಷವಾಗಿರುತ್ತದೆ.

ಬಳಕೆಯ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರವಾದ ಉಳವಿ (ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಉಳವಿ ಕ್ಷೇತ್ರ ಬೇರೆ) ಹಾಗೂ ನೆರೆಯ ಶಿಕಾರಿಪುರ ತಾಲ್ಲೂಕಿನ ಸೀಮೆ ಮಲೆನಾಡು ಮತ್ತು ಬಯಲುಸೀಮೆಗಳ ನಡುವಿನ ಅರೆಮಲೆನಾಡು. ಭತ್ತ, ಅಡಿಕೆ, ಮೆಕ್ಕೆಜೋಳ ಮತ್ತು ಶುಂಠಿ ಇಲ್ಲಿನ ಮುಖ್ಯ ಬೆಳೆಗಳಲ್ಲಿ ಸೇರಿವೆ. ಸೊರಬ ತಾಲ್ಲೂಕಿನಲ್ಲಿ ಕೆರೆಗಳು ಬಹಳ. ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗದ್ದೆಗಳಿಗೆ ಸಾಗಿಸುವುದು, ಅಡಿಕೆ ತೋಟಕ್ಕೆ ಹೊಸ ಮಣ್ಣು ಹಾಕುವುದು, ಕೊಟ್ಟಿಗೆ ಗೊಬ್ಬರ, ಜಲ್ಲಿ ಮತ್ತು ಜಂಬಿಟ್ಟಿಗೆ ಕಲ್ಲು ಹೊರುವುದು ಇಂತಹ ಪ್ರದೇಶದ ಟ್ರ್ಯಾಕ್ಟರ್‌ಗಳಿಗೆ ವಾಡಿಕೆಯ ಕೆಲಸ. ಗುದ್ದಲಿ ಹಿಡಿದು ಟ್ರೈಲರ್ ಖಾಲಿ ಮಾಡಲು ಹಲವು ಆಳು ಬೇಕಾಗುವಲ್ಲಿ ಟಿಪ್ಪರ್ ಒಂದು ನಿಮಿಷದೊಳಗೆ ಆ ಕೆಲಸ ಮುಗಿಸುತ್ತದೆ. ಹಳೆಯ ಟ್ರೈಲರ್‌ಗೆ ಜಾಕ್ ಅಳವಡಿಸಿ ಟಿಪ್ಪರ್ ಮಾಡಿಕೊಳ್ಳುವ ರೂಢಿಗೆ ಇದೇ ಕಾರಣ.

ಕರ್ನಾಟಕವು ಹೈಡ್ರಾಲಿಕ್ ಉದ್ಯಮಕ್ಕೆ ಹೊಸದೇನಲ್ಲ. ವಿಪ್ರೊ ಸಂಸ್ಥೆಯ ಹೈಡ್ರಾಲಿಕ್ ಸಿಲಿಂಡರ್ ವಿಭಾಗವು 1970ರ ದಶಕದಿಂದ ಬೆಂಗಳೂರಿನ ಪೀಣ್ಯದಲ್ಲಿ ನೆಲೆಗೊಂಡಿದೆ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ತನ್ನ ಮೈಸೂರು ಘಟಕದಲ್ಲಿ ಗಣಿಗಳಿಗೆ ಬೇಕಾದ ಭಾರೀ ಡಂಪರ್‌ಗಳನ್ನು ತಯಾರಿಸುತ್ತದೆ. ಆದರೆ ಹಳ್ಳಿಯ ಟಿಪ್ಪರ್ ಟ್ರೈಲರ್‌ಗಳಲ್ಲಿ ಹಲವು ಇಂತಹ ವಿನ್ಯಾಸ ಕಚೇರಿಗಳನ್ನು ಕಂಡವಲ್ಲ. ದೊರೆತ ಸಿಲಿಂಡರನ್ನು ದೊರೆತ ಜಾಗದಲ್ಲಿ ಕೂರಿಸುವುದೇ ಅವುಗಳ ನಿರ್ಮಾಣಕ್ರಮ.

ಕಾರ್ಯವಿಧಾನ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದು 17ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ ನಿರೂಪಿಸಿದ ನಿಯಮ. ಇದನ್ನು ಆಧರಿಸಿದ ಹೈಡ್ರಾಲಿಕ್ ಪ್ರೆಸ್‌ಗೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದನು. ಟಿಪ್ಪರ್‌ನ ಜಾಕ್ ಅದೇ ತತ್ತ್ವದ ಮುಂದುವರಿಕೆ.

ತೈಲದ ತೊಟ್ಟಿ, ಪಂಪು, ರಿಲೀಫ್ ವಾಲ್ವ್, ನಿಯಂತ್ರಣ ವಾಲ್ವ್, ಹೋಸ್ ಮತ್ತು ಸಿಲಿಂಡರ್ ಈ ವ್ಯವಸ್ಥೆಯ ಅಂಗಗಳು. ಪಂಪು ತೈಲವನ್ನು ತಳ್ಳುತ್ತದೆ. ಎದುರಾಗುವ ತಡೆಯೇ ಒತ್ತಡವನ್ನು ಉಂಟುಮಾಡುತ್ತದೆ. ಪಂಪು ಒತ್ತಡವನ್ನು 'ಕೊಡುತ್ತದೆ' ಎಂಬ ಸಾಮಾನ್ಯ ನಂಬಿಕೆ ಅರ್ಧಸತ್ಯ. ಖಾಲಿ ತೊಟ್ಟಿ ಎತ್ತುವಾಗ ಹೊಸ ಪಂಪಿನಲ್ಲೂ ಒತ್ತಡ ಕಡಿಮೆಯೇ ಇರುತ್ತದೆ. ಒತ್ತಡ ನಿಗದಿತ ಮಿತಿಗೆ ಏರಿದೊಡನೆ ರಿಲೀಫ್ ವಾಲ್ವ್ ತೆರೆದು ಹೆಚ್ಚುವರಿ ತೈಲವನ್ನು ತೊಟ್ಟಿಗೆ ಮರಳಿಸುತ್ತದೆ. ಭಾರತದಲ್ಲಿ ಬಳಕೆಯಲ್ಲಿರುವ ಟ್ರ್ಯಾಕ್ಟರ್‌ಗಳಲ್ಲಿ ಈ ಮಿತಿ ಸಾಮಾನ್ಯವಾಗಿ 150ರಿಂದ 200 ಬಾರ್‌ಗಳ ಆಸುಪಾಸಿನಲ್ಲಿರುತ್ತದೆ.

ಎತ್ತುವ ಬಲವು ಒತ್ತಡ ಮತ್ತು ಸಿಲಿಂಡರ್‌ನ ಅಡ್ಡಕೊಯ್ತದ ವಿಸ್ತೀರ್ಣಗಳ ಗುಣಲಬ್ಧ. 80 ಮಿಲಿಮೀಟರ್ ಒಳವ್ಯಾಸದ ಸಿಲಿಂಡರ್‌ನ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. 150 ಬಾರ್ ಒತ್ತಡದಲ್ಲಿ ಅದು ಸುಮಾರು 7.7 ಟನ್ ತೂಕಕ್ಕೆ ಸಮನಾದ ಬಲವನ್ನು ಕೊಡುತ್ತದೆ. ಎತ್ತುವ ವೇಗವಾದರೋ ಹರಿವನ್ನು ಅವಲಂಬಿಸಿದೆ. ಇದೇ ಸಿಲಿಂಡರ್ 60 ಸೆಂಟಿಮೀಟರ್ ಚಾಚಲು ಸುಮಾರು 3 ಲೀಟರ್ ತೈಲ ಬೇಕು. ನಿಮಿಷಕ್ಕೆ 15 ಲೀಟರ್ ತಳ್ಳುವ ಪಂಪಿಗೆ ಅದು 12 ಸೆಕೆಂಡಿನ ಕೆಲಸ.

ದೋಷಪತ್ತೆಯೆಲ್ಲ ಈ ಎರಡರ ಭೇದದ ಮೇಲೆ ನಿಂತಿದೆ. ತೊಟ್ಟಿ ಏಳುತ್ತದೆ ಆದರೆ ನಿಧಾನ ಎಂದರೆ ಹರಿವಿನ ಕೊರತೆ. ಖಾಲಿ ತೊಟ್ಟಿ ಸರಾಗವಾಗಿ ಎದ್ದು ತುಂಬಿದ ತೊಟ್ಟಿ ಅಲುಗದಿದ್ದರೆ ಬಲದ ಕೊರತೆ. ಬಲದ ಕೊರತೆಗೆ ದೊಡ್ಡ ಪಂಪು ಹಾಕಿಸುವುದು ಹಣವನ್ನು ತೈಲದಲ್ಲಿ ಕರಗಿಸಿದಂತೆ. ರಿಲೀಫ್ ವಾಲ್ವ್‌ನ ಮಿತಿ ಅದೇ ಇರುವವರೆಗೆ ಬಲ ಒಂದಿಷ್ಟೂ ಹೆಚ್ಚದು.

ಸಿಲಿಂಡರ್‌ನ ಕೋನ

ತೊಟ್ಟಿಯು ಹಿಂಬದಿಯ ಕೀಲಿನ ಮೇಲೆ ತಿರುಗುತ್ತದೆ. ಆದ್ದರಿಂದ ಸಿಲಿಂಡರ್ ಎದುರಿಸಬೇಕಾದ್ದು ಬರಿಯ ತೂಕವನ್ನಲ್ಲ, ಆ ತೂಕ ಕೀಲಿನ ಸುತ್ತ ಉಂಟುಮಾಡುವ ತಿರುಗುಬಲವನ್ನು. ಸಿಲಿಂಡರ್ ತೊಟ್ಟಿಯ ತಳಕ್ಕೆ ಲಂಬವಾಗಿ ಒತ್ತಿದರೆ ಅದರ ಪೂರ್ತಿ ಬಲ ಎತ್ತುವುದಕ್ಕೆ ಒದಗುತ್ತದೆ. ಓರೆಯಾಗಿ ಒತ್ತಿದರೆ ಬಲದ ಒಂದು ಪಾಲು ತೊಟ್ಟಿಯನ್ನು ಕೀಲಿನ ಕಡೆಗೆ ನೂಕುವುದರಲ್ಲಿ ವ್ಯರ್ಥವಾಗುತ್ತದೆ.

ಉದಾಹರಣೆಗೆ, 3 ಮೀಟರ್ ಉದ್ದದ ತೊಟ್ಟಿಯೂ ಅದರೊಳಗಿನ ಸರಕೂ ಸೇರಿ 4 ಟನ್ ತೂಗುತ್ತವೆ, ತೂಕದ ಕೇಂದ್ರವೂ ಸಿಲಿಂಡರ್ ಒತ್ತುವ ಬಿಂದುವೂ ಕೀಲಿನಿಂದ 1.5 ಮೀಟರ್ ಮುಂದಿವೆ ಎಂದು ಭಾವಿಸಿದರೆ ತಿರುಗುಬಲ 6 ಟನ್-ಮೀಟರ್ ಆಗುತ್ತದೆ. ಸಿಲಿಂಡರ್ ತಳಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಬೇಕಾಗುವ ಬಲ ಸುಮಾರು 4.6 ಟನ್, 45 ಡಿಗ್ರಿಯಲ್ಲಿ 5.7 ಟನ್, 30 ಡಿಗ್ರಿಯಲ್ಲಿ 8 ಟನ್, 20 ಡಿಗ್ರಿಯಲ್ಲಿ 11.7 ಟನ್. ಮೇಲೆ ಹೇಳಿದ 80 ಮಿಲಿಮೀಟರ್ ಸಿಲಿಂಡರ್‌ಗೆ ಇದಕ್ಕೆ ಬೇಕಾದ ಒತ್ತಡ 45 ಡಿಗ್ರಿಯಲ್ಲಿ ಸುಮಾರು 110 ಬಾರ್, 30 ಡಿಗ್ರಿಯಲ್ಲಿ 156 ಬಾರ್, 20 ಡಿಗ್ರಿಯಲ್ಲಿ 228 ಬಾರ್. 150 ಬಾರ್ ಮಿತಿಯ ಟ್ರ್ಯಾಕ್ಟರ್ ಮೊದಲನೆಯದನ್ನು ಸಲೀಸಾಗಿ ಎತ್ತುತ್ತದೆ, ಎರಡನೆಯದರಲ್ಲಿ ತಿಣುಕುತ್ತದೆ, ಮೂರನೆಯದನ್ನು ಎಂದಿಗೂ ಎತ್ತಲಾರದು. ಪಂಪು, ತೈಲ, ವಾಲ್ವ್ ಎಲ್ಲವೂ ಹೊಸದಾಗಿದ್ದರೂ ಫಲಿತಾಂಶ ಇದೇ.

ಟ್ರೈಲರ್‌ನ ಚಾಸಿಸ್ ಮತ್ತು ತೊಟ್ಟಿಯ ತಳದ ನಡುವೆ ಇರುವ ಸ್ಥಳ ಕಡಿಮೆ. ನೆಟ್ಟಗೆ ನಿಲ್ಲಿಸಲು ಜಾಗ ಸಾಲದ ಉದ್ದನೆಯ ಸಿಲಿಂಡರನ್ನು ಬಹುತೇಕ ಮಲಗಿಸಿ ಕೂರಿಸುವುದೇ ಮನೆ ನಿರ್ಮಿತ ಟಿಪ್ಪರ್‌ಗಳ ಸಾಮಾನ್ಯ ತಪ್ಪು. ಕಾರ್ಖಾನೆಯ ವಿನ್ಯಾಸಕರು ಇದನ್ನು ಎರಡು ಬಗೆಯಲ್ಲಿ ನಿವಾರಿಸುತ್ತಾರೆ: ಮಡಚಿದಾಗ ಗಿಡ್ಡವಾಗಿದ್ದು ಚಾಚಿದಾಗ ಉದ್ದವಾಗುವ ಟೆಲಿಸ್ಕೋಪಿಕ್ ಸಿಲಿಂಡರ್ ಬಳಸಿ ಅದನ್ನು ನೆಟ್ಟಗೆ ನಿಲ್ಲಿಸುತ್ತಾರೆ, ಇಲ್ಲವೇ ಮಲಗಿರುವ ಸಿಲಿಂಡರ್ ಮತ್ತು ತೊಟ್ಟಿಯ ನಡುವೆ ಕತ್ತರಿಯಾಕಾರದ ಸನ್ನೆಯ ಜೋಡಣೆಯನ್ನು ಅಳವಡಿಸುತ್ತಾರೆ.

ತೊಟ್ಟಿ ಮೇಲೇಳುತ್ತ ಹೋದಂತೆ ತೂಕದ ಕೇಂದ್ರವು ಕೀಲಿನ ಕಡೆಗೆ ಸರಿಯುತ್ತದೆ, ಮಲಗಿದ ಸಿಲಿಂಡರ್‌ನ ಕೋನವೂ ಉತ್ತಮಗೊಳ್ಳುತ್ತದೆ. ಹಾಗಾಗಿ ಮೊದಲ ಗೇಣೇ ಅತ್ಯಂತ ಕಷ್ಟದ್ದು. ಸನ್ನೆಕೋಲಿನಿಂದ ತೊಟ್ಟಿಗೆ ತುಸು ಆಸರೆ ಕೊಟ್ಟೊಡನೆ ಅದು ಸರಸರನೆ ಏಳುವುದಾದರೆ ಪಂಪಿನ ಮೇಲೆ ಸಂದೇಹಪಡುವ ಮೊದಲು ಕೋನವನ್ನು ಅಳೆಯುವುದು ಸರಿ. ಸರಕನ್ನು ಹಿಂಭಾಗಕ್ಕೆ ಹೆಚ್ಚಾಗಿ ತುಂಬಿ ನೋಡುವುದು ಇನ್ನೊಂದು ಸುಲಭ ಪರೀಕ್ಷೆ. ಮೇಲಿನ ಉದಾಹರಣೆಯಲ್ಲಿ ತೂಕದ ಕೇಂದ್ರ 20 ಸೆಂಟಿಮೀಟರ್ ಹಿಂದೆ ಸರಿದರೆ 30 ಡಿಗ್ರಿಯ ಸಿಲಿಂಡರ್‌ಗೆ ಬೇಕಾದ ಬಲ 8ರಿಂದ 6.9 ಟನ್‌ಗೆ ಇಳಿಯುತ್ತದೆ, ತೊಟ್ಟಿ ಏಳುತ್ತದೆ. ಆದರೆ ಇದು ಪರೀಕ್ಷೆಯೇ ಹೊರತು ಪರಿಹಾರವಲ್ಲ; ಸರಕು ಹಿಂದೆ ಹೆಚ್ಚಾದ ಟ್ರೈಲರ್ ರಸ್ತೆಯಲ್ಲಿ ಟ್ರ್ಯಾಕ್ಟರ್‌ನ ಹಿಂಗಾಲಿಯ ಮೇಲಿನ ಭಾರವನ್ನು ತಗ್ಗಿಸಿ ಹಿಡಿತ ಕೆಡಿಸುತ್ತದೆ.

ತೂಕದ ಅಂದಾಜಿನ ತಪ್ಪನ್ನೂ ಇಲ್ಲಿಯೇ ಹೇಳಬೇಕು. ಒಣ ಮರಳು ಘನ ಮೀಟರಿಗೆ ಸುಮಾರು 1.6 ಟನ್ ತೂಗಿದರೆ ನೀರು ಹೀರಿದ ಮರಳು 1.9 ಟನ್‌ವರೆಗೆ ತೂಗುತ್ತದೆ. ಒಂದು ಬ್ರಾಸ್, ಅಂದರೆ 100 ಘನ ಅಡಿ ಅಥವಾ 2.83 ಘನ ಮೀಟರ್ ಸರಕಿನಲ್ಲಿ ಈ ವ್ಯತ್ಯಾಸ ಹೆಚ್ಚುಕಡಿಮೆ 0.85 ಟನ್. ಬೇಸಿಗೆಯಲ್ಲಿ ಎತ್ತುತ್ತಿದ್ದ ಜಾಕ್ ಮೊದಲ ಮಳೆಯ ನಂತರ 'ವೀಕ್' ಆಗುವುದರಲ್ಲಿ ಜಾಕ್‌ನ ಪಾತ್ರ ಏನೂ ಇಲ್ಲದಿರಬಹುದು.

ಒತ್ತಡದ ಮಾಪನ

ಪಂಪು ಬದಲಿಸುವುದಕ್ಕಾಗಲಿ ಸಿಲಿಂಡರ್ ಬಿಚ್ಚುವುದಕ್ಕಾಗಲಿ ಮೊದಲು ಒತ್ತಡಮಾಪಕವೊಂದನ್ನು ಜೋಡಿಸಿ ನೋಡುವುದು ದೋಷಪತ್ತೆಯ ನಿರ್ಣಾಯಕ ಹಂತ. ವ್ಯವಸ್ಥೆಯ ಮಿತಿಗಿಂತ ಹೆಚ್ಚಿನ ಅಳತೆಯ, ಉದಾಹರಣೆಗೆ 250 ಅಥವಾ 400 ಬಾರ್‌ನ ಮಾಪಕವನ್ನು ನಿಯಂತ್ರಣ ವಾಲ್ವ್ ಮತ್ತು ಸಿಲಿಂಡರ್‌ಗಳ ನಡುವೆ ಟೀ ಜೋಡಣೆಯ ಮೂಲಕ ಕೂರಿಸಲಾಗುತ್ತದೆ. ತೊಟ್ಟಿ ಪೂರ್ತಿ ಕೆಳಗಿದ್ದು ಸಾಲಿನಲ್ಲಿ ಒತ್ತಡವಿಲ್ಲದಾಗ ಮಾತ್ರ ಜೋಡಣೆಗಳನ್ನು ಬಿಚ್ಚಬೇಕು.

ತುಂಬಿದ ತೊಟ್ಟಿಯನ್ನು ಎತ್ತಲು ಯತ್ನಿಸಿದಾಗ ಮುಳ್ಳು ರಿಲೀಫ್ ವಾಲ್ವ್‌ನ ಮಿತಿಯವರೆಗೆ ಏರಿ ನಿಂತು, ತೊಟ್ಟಿ ಮಾತ್ರ ಏಳದಿದ್ದರೆ ಪಂಪು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಆಗ ದೋಷವು ಕೋನದಲ್ಲೋ, ಅತಿಭಾರದಲ್ಲೋ, ಸಣ್ಣ ವ್ಯಾಸದ ಸಿಲಿಂಡರ್‌ನಲ್ಲೋ, ತುಕ್ಕು ಹಿಡಿದು ಬಿಗಿದ ಕೀಲಿನಲ್ಲೋ ಇರುತ್ತದೆ. ಗ್ರೀಸ್ ಕಾಣದ ಕೀಲು ಮತ್ತು ಬಾಗಿದ ಪಿನ್‌ಗಳು ನಿರೀಕ್ಷೆಗಿಂತ ಹೆಚ್ಚು ಬಲವನ್ನು ನುಂಗುತ್ತವೆ. ಮುಳ್ಳು ಮಿತಿಯನ್ನು ತಲುಪದಿದ್ದರೆ ತೈಲ ಎಲ್ಲೋ ಸೋರಿಹೋಗುತ್ತಿದೆ ಅಥವಾ ಪಂಪಿಗೆ ಸಾಕಷ್ಟು ದೊರೆಯುತ್ತಿಲ್ಲ. ಈ ಸ್ಥಿತಿಯಲ್ಲಿ ಸಿಲಿಂಡರ್‌ಗೆ ಹೋಗುವ ಸಾಲನ್ನು ತಕ್ಕ ಒತ್ತಡ ತಾಳುವ ಮುಚ್ಚಳದಿಂದ ಬಂದ್ ಮಾಡಿ ಕೆಲವೇ ಕ್ಷಣ ಲಿವರ್ ಒತ್ತಿ ನೋಡುತ್ತಾರೆ. ಈಗ ಒತ್ತಡ ಏರಿದರೆ ದೋಷ ಸಿಲಿಂಡರ್‌ನಲ್ಲಿದೆ. ಏರದಿದ್ದರೆ ಪಂಪು, ರಿಲೀಫ್ ವಾಲ್ವ್ ಅಥವಾ ನಿಯಂತ್ರಣ ವಾಲ್ವ್‌ನಲ್ಲಿದೆ. ರಿಲೀಫ್ ವಾಲ್ವ್ ಕೆಲಸ ಮಾಡುತ್ತಿದೆ ಎಂಬ ಖಾತ್ರಿಯಿಲ್ಲದೆ ಈ ಎರಡನೆಯ ಪರೀಕ್ಷೆ ನಡೆಸುವುದು ಅಪಾಯಕಾರಿ.

ಸಿಲಿಂಡರ್‌ನ ಒಳಸೋರಿಕೆಯ ಬಗ್ಗೆ ಒಂದು ಸೂಕ್ಷ್ಮವಿದೆ. ಎರಡೂ ಕಡೆ ತೈಲ ಒತ್ತುವ ದ್ವಿಕ್ರಿಯಾ ಸಿಲಿಂಡರ್‌ನಲ್ಲಿ ಪಿಸ್ಟನ್ ಸೀಲ್ ಸವೆದರೆ ತೈಲ ಹೊರಗೆ ಕಾಣದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತದೆ. ಟಿಪ್ಪರ್‌ಗಳಲ್ಲಿ ಹೆಚ್ಚಾಗಿ ಬಳಸುವ, ಸ್ವಂತ ತೂಕದಿಂದಲೇ ಇಳಿಯುವ ಟೆಲಿಸ್ಕೋಪಿಕ್ ಸಿಲಿಂಡರ್‌ನಲ್ಲಿ ತೈಲಕ್ಕೆ ದಾಟಿಹೋಗಲು ಇನ್ನೊಂದು ಕಡೆಯೇ ಇಲ್ಲ. ಸೀಲ್ ಹೋದರೆ ತೈಲ ಹೊರಕ್ಕೇ ಜಿನುಗುತ್ತದೆ. ಹೊರಗೆ ಒಣಗಿರುವ ಇಂತಹ ಸಿಲಿಂಡರನ್ನು 'ಒಳಗೆ ಸೀಲ್ ಹೋಗಿದೆ' ಎಂದು ಬಿಚ್ಚುವುದು ವ್ಯರ್ಥ ಖರ್ಚು.

ಅರ್ಧದಲ್ಲಿ ನಿಲ್ಲುವುದು

ಏಳಲು ಆರಂಭಿಸಿ ನಡುವೆ ನಿಲ್ಲುವ ತೊಟ್ಟಿಯ ಲಕ್ಷಣ ಬೇರೆ. ಟೆಲಿಸ್ಕೋಪಿಕ್ ಸಿಲಿಂಡರ್‌ನಲ್ಲಿ ದೊಡ್ಡ ಹಂತ ಮೊದಲು ಚಾಚುತ್ತದೆ, ಬಳಿಕ ಚಿಕ್ಕವು. ಹಂತಗಳ ವ್ಯಾಸ 110, 90 ಮತ್ತು 70 ಮಿಲಿಮೀಟರ್ ಇದ್ದರೆ ಕೊನೆಯದರ ವಿಸ್ತೀರ್ಣ ಮೊದಲಿನದರ ಐದರಲ್ಲಿ ಎರಡು ಪಾಲು ಮಾತ್ರ. ಅದೇ ಬಲಕ್ಕೆ ಸುಮಾರು ಎರಡೂವರೆ ಪಟ್ಟು ಒತ್ತಡ ಬೇಕು. ಸಾಮಾನ್ಯವಾಗಿ ಆ ಹೊತ್ತಿಗೆ ಸರಕು ಜಾರಿ ಭಾರ ಇಳಿದಿರುವುದರಿಂದ ತೊಂದರೆಯಾಗದು. ಆದರೆ ಕೆರೆಯ ಜಿಗುಟು ಹೂಳು ತೊಟ್ಟಿಗೆ ಅಂಟಿಕೊಂಡು ಜಾರದೆ ಉಳಿದರೆ ಹಂತ ಬದಲಾಗುವ ಕಡೆಯೇ ಜಾಕ್ ನಿಲ್ಲುತ್ತದೆ. ಪ್ರತಿ ಸಲವೂ ಒಂದೇ ಎತ್ತರದಲ್ಲಿ ನಿಲ್ಲುವುದು ಇದರ ಗುರುತು.

ತೈಲ ಮುಗಿದಾಗಲೂ ತೊಟ್ಟಿ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಆದರೆ ಆಗ ಖಾಲಿ ತೊಟ್ಟಿಯೂ ಅಲ್ಲೇ ನಿಲ್ಲುತ್ತದೆ, ಪಂಪು ಗಾಳಿ ಎಳೆದು ಕರ್ಕಶ ಸದ್ದು ಮಾಡುತ್ತದೆ, ತೈಲದಲ್ಲಿ ನೊರೆ ಏಳುತ್ತದೆ. ಟ್ರ್ಯಾಕ್ಟರ್‌ನಿಂದಲೇ ತೈಲ ಪಡೆಯುವ ಟ್ರೈಲರ್‌ಗಳಲ್ಲಿ ಇದು ಗಂಭೀರ ವಿಷಯ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರುಪೆಟ್ಟಿಗೆ ಮತ್ತು ಹೈಡ್ರಾಲಿಕ್‌ಗೆ ಒಂದೇ ತೈಲ. ಸಿಲಿಂಡರ್ ಎಳೆದುಕೊಂಡಷ್ಟು ತೈಲ ಗೇರುಗಳಿಗೆ ಕಡಿಮೆಯಾಗುತ್ತದೆ, ಸಿಲಿಂಡರ್‌ನಿಂದ ಮರಳುವ ಕೆಸರು ಮತ್ತು ನೀರು ಗೇರುಗಳಿಗೇ ತಲುಪುತ್ತವೆ. ಒಂದು ಟ್ರೈಲರನ್ನು ಹಲವು ಟ್ರ್ಯಾಕ್ಟರ್‌ಗಳಿಗೆ ಕಟ್ಟುವ ಊರುಗಳಲ್ಲಿ ಒಬ್ಬರ ಕೊಳೆ ತೈಲ ಇನ್ನೊಬ್ಬರ ಗೇರುಪೆಟ್ಟಿಗೆ ಸೇರುವುದು ಹೀಗೆ. ಹಾಲಿನಂತೆ ಬಿಳಿಚಿದ ತೈಲ ನೀರು ಬೆರೆತದ್ದರ ಕುರುಹು. ಮಳೆಗಾಲವಿಡೀ ಬಯಲಲ್ಲಿ ನಿಂತ ಟ್ರೈಲರ್‌ಗಳಲ್ಲಿ ಇದು ಸಾಮಾನ್ಯ.

ನಿಧಾನವಾಗಿ ಏಳುವುದು

ಹರಿವಿನ ಕೊರತೆಗೆ ಮೊದಲು ನೋಡಬೇಕಾದ್ದು ಅಗ್ಗದ ಭಾಗಗಳನ್ನು. ಟ್ರ್ಯಾಕ್ಟರ್ ಮತ್ತು ಟ್ರೈಲರ್‌ನ ಹೋಸ್ ಸೇರುವ ಕ್ವಿಕ್ ಕಪ್ಲರ್ ಪೂರ್ತಿ ಕೂರದಿದ್ದರೆ ಒಳಗಿನ ಕವಾಟ ಅರ್ಧವೇ ತೆರೆಯುತ್ತದೆ, ಜೋಡಣೆ ಬಿಸಿಯಾಗುತ್ತದೆ. ತೊಟ್ಟಿ ಧಡಕ್ಕನೆ ಬೀಳದಂತೆ ಸಾಲಿನಲ್ಲಿ ಹಾಕುವ ಏಕಮುಖ ತಡೆಕವಾಟವನ್ನು ತಿರುವುಮುರುವಾಗಿ ಜೋಡಿಸಿದರೆ ತೊಟ್ಟಿ ನಿಧಾನವಾಗಿ ಎದ್ದು ವೇಗವಾಗಿ ಇಳಿಯುತ್ತದೆ. ಈ ಜೋಡಿ ಲಕ್ಷಣ ಕಂಡರೆ ಬೇರೆಡೆ ಹುಡುಕಬೇಕಾಗಿಲ್ಲ. ಹೀರು ಕೊಳವೆಯ ಜಾಲರಿ ಕಟ್ಟಿಕೊಂಡಿರುವುದು, ಹೀರು ಹೋಸ್ ಮೃದುವಾಗಿ ಒಳಕ್ಕೆ ಕುಸಿಯುವುದು, ಅದರ ಕ್ಲಿಪ್ ಸಡಿಲವಾಗಿ ಗಾಳಿ ಎಳೆಯುವುದು ಮುಂದಿನ ಸಂಭವನೀಯ ಕಾರಣಗಳು. ಹೀರು ಬದಿಯ ಸೋರಿಕೆಯಲ್ಲಿ ತೈಲ ಹೊರಗೆ ತೊಟ್ಟಿಕ್ಕದೆಯೂ ಇರಬಹುದಾದ್ದರಿಂದ ಅದು ಕಣ್ಣಿಗೆ ಬೀಳುವುದು ಅಪರೂಪ.

ಟ್ರ್ಯಾಕ್ಟರ್‌ನ ಪಿಟಿಒ ದಂಡದಿಂದ ಪ್ರತ್ಯೇಕ ಗೇರ್ ಪಂಪು ನಡೆಸುವ ಜೋಡಣೆಗಳಲ್ಲಿ ವೇಗದ ಲೆಕ್ಕ ತಪ್ಪುವುದುಂಟು. ಪಿಟಿಒದ ಪ್ರಮಾಣಿತ ವೇಗ ನಿಮಿಷಕ್ಕೆ 540 ಸುತ್ತು. ಹಲವು ಗೇರ್ ಪಂಪುಗಳ ಹರಿವನ್ನು 1500 ಸುತ್ತಿಗೆ ನಮೂದಿಸಿರುತ್ತಾರೆ. ನೇರವಾಗಿ ಜೋಡಿಸಿದರೆ ದೊರೆಯುವ ಹರಿವು ಮೂರನೆಯ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಇಷ್ಟು ಕಡಿಮೆ ವೇಗದಲ್ಲಿ ಪಂಪಿನ ಒಳಸೋರಿಕೆಯ ಪಾಲು ದೊಡ್ಡದಾಗಿ ಒತ್ತಡವೂ ಏರದಿರಬಹುದು.

ತೈಲದ ಉಷ್ಣತೆಯೂ ಸುಳಿವು ಕೊಡುತ್ತದೆ. ಬೆಳಿಗ್ಗೆ ಚೆನ್ನಾಗಿ ಎತ್ತಿ ಮಧ್ಯಾಹ್ನದ ಹೊತ್ತಿಗೆ ಸೋಲುವ ಜಾಕ್‌ನಲ್ಲಿ ಪಂಪು ಅಥವಾ ವಾಲ್ವ್ ಸವೆದಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಬಿಸಿಯಾಗಿ ತೆಳುವಾದ ತೈಲ ಸವೆದ ಸಂದಿಗಳಿಂದ ಸುಲಭವಾಗಿ ನುಸುಳುತ್ತದೆ. ಬೆಳಿಗ್ಗೆ ತಿಣುಕಿ ಬಿಸಿಯಾದ ಮೇಲೆ ಸರಿಹೋಗುವುದಾದರೆ ತೈಲ ಅತಿ ಮಂದವಾಗಿದೆ ಅಥವಾ ಹೀರು ಮಾರ್ಗ ಇಕ್ಕಟ್ಟಾಗಿದೆ. ಪ್ರತ್ಯೇಕ ಪಂಪಿನ ವ್ಯವಸ್ಥೆಗಳಿಗೆ ಐಎಸ್ಒ ವಿಜಿ 46 ಅಥವಾ 68 ದರ್ಜೆಯ ಹೈಡ್ರಾಲಿಕ್ ತೈಲ ಬಳಸುವುದು ರೂಢಿ. ಟ್ರ್ಯಾಕ್ಟರ್‌ನ ತೈಲವನ್ನೇ ಬಳಸುವಲ್ಲಿ ಆ ಟ್ರ್ಯಾಕ್ಟರ್‌ಗೆ ಸೂಚಿಸಿದ ತೈಲವನ್ನಷ್ಟೇ ಹಾಕಬೇಕು. ಬಳಸಿ ಬಿಟ್ಟ ಎಂಜಿನ್ ಆಯಿಲ್ ಸುರಿಯುವ ಪದ್ಧತಿ ಸೀಲ್‌ಗಳಿಗೂ ಪಂಪಿಗೂ ಮಾರಕ.

ಬ್ಯಾಟರಿ ಚಾಲಿತ ಘಟಕಗಳು

ಹೈಡ್ರಾಲಿಕ್ ಪಂಪಿಲ್ಲದ ಪವರ್ ಟಿಲ್ಲರ್ ಟ್ರೈಲರ್ ಮತ್ತು ಸಣ್ಣ ಸರಕು ವಾಹನಗಳಿಗೆ 12 ವೋಲ್ಟ್ ಮೋಟಾರು, ಪಂಪು ಮತ್ತು ತೈಲತೊಟ್ಟಿ ಒಂದಾಗಿರುವ ಘಟಕವನ್ನು ಅಳವಡಿಸುವುದುಂಟು. ಇಲ್ಲಿ ದೌರ್ಬಲ್ಯದ ಮೂಲ ತೈಲದಲ್ಲಲ್ಲ, ತಂತಿಯಲ್ಲಿ ಇರುವುದೇ ಹೆಚ್ಚು. 2 ಕಿಲೋವ್ಯಾಟ್ ಮೋಟಾರು ಭಾರದಲ್ಲಿ 170 ಆಂಪಿಯರ್‌ಗೂ ಹೆಚ್ಚು ವಿದ್ಯುತ್ ಸೆಳೆಯುತ್ತದೆ. ಬ್ಯಾಟರಿಯಿಂದ ಮೋಟಾರಿಗೆ 6 ಮೀಟರ್ ದೂರವಿದ್ದು ಹೋಗಿಬರುವ ತಂತಿ 16 ಚದರ ಮಿಲಿಮೀಟರ್ ತಾಮ್ರದ್ದಾದರೆ 180 ಆಂಪಿಯರ್‌ನಲ್ಲಿ ತಂತಿಯಲ್ಲೇ ಸುಮಾರು 2.5 ವೋಲ್ಟ್ ನಷ್ಟವಾಗುತ್ತದೆ. 50 ಚದರ ಮಿಲಿಮೀಟರ್ ತಂತಿಯಲ್ಲಿ ನಷ್ಟ 1 ವೋಲ್ಟ್‌ಗಿಂತ ಕಡಿಮೆ. ಅಳೆಯಬೇಕಾದ್ದು ಬ್ಯಾಟರಿಯ ತುದಿಯಲ್ಲಲ್ಲ, ಭಾರ ಎತ್ತುತ್ತಿರುವಾಗ ಮೋಟಾರಿನ ತುದಿಯಲ್ಲಿ. ಚಾಸಿಸ್ಸನ್ನೇ ನೆಗೆಟಿವ್ ತಂತಿಯಾಗಿ ಬಳಸಿದ್ದರೆ ತುಕ್ಕು ಹಿಡಿದ ಒಂದು ಬೋಲ್ಟ್ ಸಾಕು, ಮೋಟಾರು ನರಳಲು.

ಇಂತಹ ಘಟಕ ನಿಧಾನವಾಗಿರುವುದು ಸಹಜವೂ ಹೌದು. 2 ಕಿಲೋವ್ಯಾಟ್‌ನಲ್ಲಿ ನಷ್ಟಗಳನ್ನು ಕಳೆದು 150 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 6 ಲೀಟರ್‌ಗಿಂತ ಹೆಚ್ಚಿನ ಹರಿವನ್ನು ನಿರೀಕ್ಷಿಸಲಾಗದು. ಟ್ರ್ಯಾಕ್ಟರ್ 12 ಸೆಕೆಂಡಿನಲ್ಲಿ ಎತ್ತುವುದನ್ನು ಇದು ಅರ್ಧ ನಿಮಿಷ ತೆಗೆದುಕೊಳ್ಳುತ್ತದೆ.

ರಿಲೀಫ್ ವಾಲ್ವ್ ಬಿಗಿಮಾಡುವುದು

ಎತ್ತದ ಜಾಕ್‌ಗೆ ಶೆಡ್‌ಗಳಲ್ಲಿ ಸಿಗುವ ಅತ್ಯಂತ ಸುಲಭದ ಉಪಾಯ ರಿಲೀಫ್ ವಾಲ್ವ್‌ನ ಸ್ಕ್ರೂವನ್ನು ಎರಡು ಸುತ್ತು ಬಿಗಿಮಾಡುವುದು. ಕೆಲವೊಮ್ಮೆ ತೊಟ್ಟಿ ಏಳುತ್ತದೆ ಕೂಡ. ಆದರೆ ಮಿತಿ 150ರಿಂದ 200 ಬಾರ್‌ಗೆ ಏರಿದಾಗ ಅದೇ ಸಿಲಿಂಡರ್‌ನ ಬಲ 7.7ರಿಂದ 10 ಟನ್ ದಾಟುತ್ತದೆ. ಹೋಸ್, ಪಂಪಿನ ಕವಚ, ಸಿಲಿಂಡರ್‌ನ ಬೆಸುಗೆ, ಅದು ಕುಳಿತಿರುವ ಚಾಸಿಸ್‌ನ ಅಡ್ಡಪಟ್ಟಿ, ಇವುಗಳಲ್ಲಿ ಯಾವುದು ಮೊದಲು ಸೋಲುತ್ತದೆ ಎಂಬುದು ಮಾತ್ರ ಉಳಿದ ಪ್ರಶ್ನೆ. ಮಾಪಕವಿಲ್ಲದೆ ಸ್ಕ್ರೂ ತಿರುಗಿಸಿದವರಿಗೆ ಹೊಸ ಮಿತಿ ಎಷ್ಟೆಂಬುದೇ ತಿಳಿದಿರುವುದಿಲ್ಲ. ವಾಲ್ವ್ ನಿಜಕ್ಕೂ ದೋಷಿಯಾಗಿರುವ ಸಂದರ್ಭಗಳಲ್ಲೂ ಅದರ ಪೀಠದಲ್ಲಿ ಸಿಕ್ಕಿಕೊಂಡ ಲೋಹದ ಚೂರು ಅಥವಾ ಸೋತ ಸ್ಪ್ರಿಂಗ್ ಕಾರಣವಾಗಿರುತ್ತದೆ. ಬಿಚ್ಚಿ ಶುಚಿಗೊಳಿಸಿ, ತಯಾರಕರು ಸೂಚಿಸಿದ ಒತ್ತಡಕ್ಕೆ ಮಾಪಕ ನೋಡಿಕೊಂಡು ಹೊಂದಿಸುವುದೇ ಕ್ರಮ.

ಕೋನದ ದೋಷಕ್ಕೆ ಸರಿಯಾದ ಪರಿಹಾರ ಕೋನವನ್ನೇ ತಿದ್ದುವುದು: ಸಿಲಿಂಡರ್‌ನ ಕೆಳಗಿನ ಆಧಾರವನ್ನು ಕೆಳಕ್ಕೆ ಇಳಿಸುವುದು, ಟೆಲಿಸ್ಕೋಪಿಕ್ ಸಿಲಿಂಡರ್‌ಗೆ ಬದಲಾಗುವುದು ಅಥವಾ ಹೆಚ್ಚು ವ್ಯಾಸದ ಸಿಲಿಂಡರ್ ಹಾಕುವುದು. 80ರಿಂದ 100 ಮಿಲಿಮೀಟರ್‌ಗೆ ಏರಿದರೆ ಅದೇ ಒತ್ತಡದಲ್ಲಿ ಬಲ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ವೇಗ ಅಷ್ಟೇ ಪಾಲು ತಗ್ಗುತ್ತದೆ, ತೈಲವೂ ಅಷ್ಟೇ ಹೆಚ್ಚು ಬೇಕು. ಚಾಸಿಸ್ ಆ ಬಲವನ್ನು ತಾಳುವಂತಿರಬೇಕು.

ಸುರಕ್ಷತೆ

ದುರ್ಬಲ ಜಾಕ್‌ನ ದೋಷ ಹುಡುಕುವವರು ಎತ್ತಿದ ತೊಟ್ಟಿಯ ಕೆಳಗೇ ತಲೆ ಹಾಕಬೇಕಾಗುತ್ತದೆ. ಖಾಲಿ ತೊಟ್ಟಿಯೂ ನೂರಾರು ಕಿಲೋ ತೂಗುತ್ತದೆ. ಹೋಸ್ ಸಿಡಿದರೆ, ಯಾರಾದರೂ ಲಿವರ್ ತಾಗಿದರೆ ಅಥವಾ ಸಡಿಲಿಸಿದ ಜೋಡಣೆ ಬಿಟ್ಟುಕೊಂಡರೆ ಅದು ಕ್ಷಣದಲ್ಲಿ ಬೀಳುತ್ತದೆ. ಚಾಸಿಸ್‌ಗೆ ಕೀಲಿಸಿದ ಉಕ್ಕಿನ ಊರೆಗೋಲನ್ನು ನಿಲ್ಲಿಸಿ, ತೊಟ್ಟಿಯನ್ನು ಅದರ ಮೇಲೆ ಇಳಿಸಿದ ನಂತರವೇ ಕೆಳಗೆ ಹೋಗಬೇಕು. ಜಾಕ್ ಹಿಡಿದುಕೊಂಡಿದೆ ಎಂಬ ನಂಬಿಕೆ, ಬಿದಿರಿನ ಗಳ, ಒಟ್ಟಿದ ಕಲ್ಲು ಇವು ಊರೆಗೋಲಿಗೆ ಬದಲಿಯಲ್ಲ. ಊರೆಗೋಲು ಸ್ಥಳೀಯ ನಿರ್ಮಿತ ಟಿಪ್ಪರ್‌ಗಳಲ್ಲಿ ಅಳವಡಿಸದೆ ಬಿಟ್ಟುಹೋಗುವ ಭಾಗಗಳಲ್ಲಿ ಒಂದು. ಅದರ ವೆಚ್ಚ ಒಂದು ಹೋಸ್‌ಗಿಂತ ಹೆಚ್ಚಿಲ್ಲ.

ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ತೈಲ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಆರಂಭದಲ್ಲಿ ಗಾಯ ಮುಳ್ಳು ಚುಚ್ಚಿದಷ್ಟೇ ಕಾಣಬಹುದು, ನೋವೂ ಹೆಚ್ಚಿರದು. ಆದರೆ ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳು ಅಥವಾ ಕೈ ಕಳೆದುಕೊಳ್ಳುವ ಅಪಾಯವಿದೆ. ಸೋರಿಕೆಯನ್ನು ಕೈಯಾಡಿಸಿ ಹುಡುಕದೆ ರಟ್ಟಿನ ತುಂಡು ಹಿಡಿದು ನೋಡಬೇಕು, ಚುಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ತೈಲ ಹೊಕ್ಕಿದೆ ಎಂದೇ ಹೇಳಬೇಕು.

ಎತ್ತಿದ ತೊಟ್ಟಿ ಅಡ್ಡಕ್ಕೆ ಉರುಳುವುದು ಇನ್ನೊಂದು ಅಪಾಯ. ನಡುವೆ ಒಂದೇ ಸಿಲಿಂಡರ್ ಇರುವ ತೊಟ್ಟಿಗೆ ಪಕ್ಕದ ಆಧಾರ ಕೀಲುಗಳಿಂದ ಮಾತ್ರ ದೊರೆಯುತ್ತದೆ. ಗದ್ದೆಯ ಬದುವಿನಲ್ಲಿ ಒಂದು ಗಾಲಿ ತಗ್ಗಿನಲ್ಲಿದ್ದು, ಹಸಿ ಹೂಳು ಒಂದೇ ಮಗ್ಗುಲಿಗೆ ಅಂಟಿಕೊಂಡರೆ ಟ್ರೈಲರ್ ಮಗುಚುತ್ತದೆ, ಸಿಲಿಂಡರ್ ಬಾಗುತ್ತದೆ. ಬಾಗಿದ ಸಿಲಿಂಡರ್ ಆಮೇಲೆ ಎಂದೂ ಸರಾಗವಾಗಿ ಚಾಚದು. ತೋಟ ಮತ್ತು ಗದ್ದೆಗಳ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳ ಕೆಳಗೆ ತೊಟ್ಟಿ ಎತ್ತುವುದೂ, ಎತ್ತಿದ ತೊಟ್ಟಿಯೊಡನೆ ಮುಂದೆ ಚಲಿಸುವುದೂ ಪ್ರಾಣಾಪಾಯಕ್ಕೆ ದಾರಿ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮೋಟಾರು ವಾಹನವನ್ನು ಮಾರ್ಪಡಿಸುವುದಕ್ಕೆ ನಿರ್ಬಂಧವಿದೆ. ಆದ್ದರಿಂದ ವಾಹನದ ರಚನೆ ಬದಲಿಸಿ ಟಿಪ್ಪರ್ ತೊಟ್ಟಿ ಕೂರಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ. ಅಪಘಾತದ ನಂತರದ ವಿಮಾ ವ್ಯಾಜ್ಯಗಳಲ್ಲಿಯೂ ಇಂತಹ ಮಾರ್ಪಾಡು ಪ್ರಶ್ನೆಗೆ ಒಳಗಾಗಬಹುದು.